ಒಂದು ಮನೆಗೆ ಎರಡು ರೂಟರ್ ಬಂದ ಬಗೆ

ಬೆಂಗಳೂರಿನ ತಣಿಸಂದ್ರ ಮುಖ್ಯರಸ್ತೆಯಿಂದ ಯಾವ ಅಡ್ಡರಸ್ತೆಗೆ ತಿರುಗಿದರೂ ಕಂಬದಿಂದ ಕಂಬಕ್ಕೆ, ಕಂಬದಿಂದ ಮಹಡಿಗೆ ಹಾದುಹೋದ ಕಪ್ಪು ಕೇಬಲ್‌ಗಳು ಕಾಣುತ್ತವೆ. ಅದರಲ್ಲೊಂದು ಮನೆಯೊಳಗೆ ಬಂದು, ಕಂಪನಿಯವರು ಗೋಡೆಗೆ ಕೂರಿಸಿದ ಬಾಕ್ಸ್ ಸೇರುತ್ತದೆ. ಎಷ್ಟೋ ಮನೆಗಳಲ್ಲಿ ಅದರ ಜೊತೆಗೆ ಮನೆಯವರೇ ದುಡ್ಡು ಕೊಟ್ಟು ತಂದ ಇನ್ನೊಂದು ರೂಟರ್ ಇರುತ್ತದೆ. ಎರಡಿದ್ದರೂ 'ಮೇಲಿನ ರೂಮಲ್ಲಿ ನೆಟ್ ಬರ್ತಿಲ್ಲ' ಎಂಬ ದೂರು ತಪ್ಪುವುದಿಲ್ಲ. ಇದಕ್ಕೆ ಪರಿಹಾರ ಬೇಕಿದ್ದರೆ ಈ ಎರಡನೆಯ ಬಾಕ್ಸ್ ಮನೆಗೆ ಬಂದದ್ದೇಕೆ ಎಂದು ಮೊದಲು ತಿಳಿಯಬೇಕು.

ಮೋಡೆಮ್ ಬೇರೆ, ರೂಟರ್ ಬೇರೆ

ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ದೇಶದ ಜನರಿಗೆ ಇಂಟರ್ನೆಟ್ ಕೊಟ್ಟಾಗ ಫೋನ್ ತಂತಿಗೆ ಒಂದು ಮೋಡೆಮ್, ಅದಕ್ಕೊಂದು ಕಂಪ್ಯೂಟರ್. ಹಂಚಿಕೊಳ್ಳುವ ಮಾತೇ ಇರಲಿಲ್ಲ. 2004ರ ಬ್ರಾಡ್‌ಬ್ಯಾಂಡ್ ನೀತಿ ಕನಿಷ್ಠ 256 ಕೆಬಿಪಿಎಸ್ ವೇಗವನ್ನು ನಿಗದಿ ಮಾಡಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬಂತು. ಒಂದೇ ತಾಮ್ರದ ತಂತಿಯಲ್ಲಿ ಮಾತು ಮತ್ತು ಡೇಟಾ ಬೇರೆ ಬೇರೆ ತರಂಗಾಂತರದಲ್ಲಿ ಹರಿಯುತ್ತಿದ್ದವು. ಸ್ಪ್ಲಿಟರ್ ಅವನ್ನು ಬೇರ್ಪಡಿಸುತ್ತಿತ್ತು. ಅದೇ ತಿಂಗಳು ಕೇಂದ್ರ ಸರ್ಕಾರ ಕಡಿಮೆ ಶಕ್ತಿಯ 2.4 ಗಿಗಾಹರ್ಟ್ಸ್ ಉಪಕರಣಗಳಿಗೆ ಲೈಸೆನ್ಸ್ ಬೇಡವೆಂದಿತು. ಮನೆಗೆ ವೈಫೈ ತರಲು ಇದ್ದ ಅಡ್ಡಿ ಹೋಯಿತು. ವೈಫೈ ಇಲ್ಲದ ಮೋಡೆಮ್ ಇದ್ದವರು ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ ರೂಟರ್ ತಂದರು. ಮೋಡೆಮ್ ಲೈನ್ ನೋಡಿಕೊಳ್ಳುತ್ತಿತ್ತು, ರೂಟರ್ ಮನೆಯನ್ನು ನೋಡಿಕೊಳ್ಳುತ್ತಿತ್ತು.

ಆಮೇಲೆ ಕಂಪನಿಗಳು ಎರಡನ್ನೂ ಒಂದೇ ಬಾಕ್ಸಿನಲ್ಲಿ ಸೇರಿಸಿದವು. ಈಗಿನ ಫೈಬರ್ ಬಾಕ್ಸ್, ಅಂದರೆ ಓಎನ್‌ಟಿ, ಬೆಳಕನ್ನು ಡೇಟಾ ಮಾಡುವುದರ ಜೊತೆಗೆ ರೂಟರ್ ಕೆಲಸವನ್ನೂ ವೈಫೈ ಕೆಲಸವನ್ನೂ ಮಾಡುತ್ತದೆ. ಆದರೆ 2000ದಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಆಕ್ಟ್‌ನಂಥ ಕಂಪನಿಗಳು ಕಟ್ಟಡದವರೆಗೆ ಫೈಬರ್ ತಂದು, ಅಲ್ಲಿಂದ ಮನೆಗೆ ಈಥರ್ನೆಟ್ ಕೇಬಲ್ ಎಳೆದವು. ಅಲ್ಲಿ ಮೋಡೆಮ್ ಬೇಡ, ರೂಟರ್ ಸಾಕು. ಅಂಥ ಮನೆಯವರು ಕಂಪನಿ ಬದಲಿಸಿ ಓಎನ್‌ಟಿ ಹಾಕಿಸಿದಾಗ ಹಳೆಯ ರೂಟರ್ ಉಳಿಯಿತು. 2020ರ ಮಾರ್ಚ್ 25ರ ಲಾಕ್‌ಡೌನ್ ನಂತರ ಮಾನ್ಯತಾ ಟೆಕ್ ಪಾರ್ಕಿನ ಕೆಲಸ ಅಕ್ಕಪಕ್ಕದ ಮನೆಗಳ ಮಲಗುವ ಕೋಣೆಗೆ ಬಂತು. ಆರ್‌ಸಿಸಿ ಚಾವಣಿ ದಾಟಲಾಗದೆ ಸಿಗ್ನಲ್ ಸೋತಲ್ಲೆಲ್ಲ ಎರಡನೆಯ ರೂಟರ್ ಅನಿವಾರ್ಯವಾಯಿತು.

ಇಬ್ಬರು ಯಜಮಾನರ ತೊಡಕು

ಮನೆಯ ಹತ್ತಾರು ಉಪಕರಣಗಳು ಒಂದೇ ಹೊರ ವಿಳಾಸ ಬಳಸುವ 'ನ್ಯಾಟ್' ವಿಧಾನವನ್ನು ಕೆಲ್ಡ್ ಎಗೆವಾಂಗ್ ಮತ್ತು ಪೌಲ್ ಫ್ರಾನ್ಸಿಸ್ 1994ರಲ್ಲಿ ವಿವರಿಸಿದರು. ಎರಡೂ ಬಾಕ್ಸ್ ರೂಟರ್ ಆಗಿಯೇ ಇದ್ದರೆ ಈ ವಿಳಾಸ ಬದಲಾವಣೆ ಎರಡು ಸಲ ನಡೆಯುತ್ತದೆ. ಯೂಟ್ಯೂಬ್, ವಾಟ್ಸಾಪ್ ಓಡುತ್ತವೆ. ಆದರೆ ಕೆಳಗಿನ ಪ್ರಿಂಟರ್ ಮೇಲಿನ ಲ್ಯಾಪ್‌ಟಾಪಿಗೆ ಕಾಣದೆ ಹೋಗಬಹುದು, ಆನ್‌ಲೈನ್ ಗೇಮ್, ಸಿಸಿಟಿವಿ ಕೈಕೊಡಬಹುದು. ಎರಡಕ್ಕೂ 192.168.1.1 ಎಂಬ ವಿಳಾಸವೇ ಇದ್ದರಂತೂ ತಿಕ್ಕಾಟ ಖಚಿತ. ಹಾಗಾಗಿ ರೂಟರ್ ಕೆಲಸ ಒಂದೇ ಬಾಕ್ಸಿನದ್ದಾಗಿರಬೇಕು.

ಅದಕ್ಕೆ ದಾರಿ ಎರಡು. ಕಂಪನಿಯವರಿಗೆ ಹೇಳಿ ಓಎನ್‌ಟಿಯನ್ನು 'ಬ್ರಿಜ್' ಮೋಡ್‌ಗೆ ಹಾಕಿಸುವುದು ಒಂದು. ಆಗ ಅದು ಬರೀ ಮೋಡೆಮ್. ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್‌ಗಳು ಸಂಪರ್ಕಕ್ಕೆ ಬೇಕಿದ್ದರೆ ನಮ್ಮ ರೂಟರ್‌ಗೆ ಹಾಕಬೇಕು. ಓಎನ್‌ಟಿಗೆ ಲ್ಯಾಂಡ್‌ಲೈನ್ ಫೋನ್ ಜೋಡಿಸಿದ್ದರೆ ಅದು ನಿಲ್ಲುವುದಿಲ್ಲವೇ ಎಂದು ಮೊದಲೇ ಕೇಳಿಕೊಳ್ಳಿ.

ಹೆಚ್ಚಿನವರಿಗೆ ಎರಡನೆಯ ದಾರಿಯೇ ಸುಲಭ: ನಮ್ಮ ರೂಟರನ್ನು ಆಕ್ಸೆಸ್ ಪಾಯಿಂಟ್, ಅಂದರೆ ಬರೀ ವೈಫೈ ಕೊಡುವ ಬಾಕ್ಸ್ ಮಾಡುವುದು. ಸೆಟ್ಟಿಂಗಿನಲ್ಲೇ ಆ ಮೋಡ್ ಇದ್ದರೆ ಆರಿಸಿ, ಅದು ಹೇಳುವ ಪೋರ್ಟಿಗೆ ಕೇಬಲ್ ಸಿಕ್ಕಿಸಿದರಾಯಿತು. ಹಳೆಯ ರೂಟರ್ ಆದರೆ ಮೊದಲು ಲ್ಯಾಪ್‌ಟಾಪನ್ನು ಅದೊಂದಕ್ಕೇ ಜೋಡಿಸಿ, ವಿಳಾಸವನ್ನು 192.168.1.2 ಎಂಬಂತೆ, ಓಎನ್‌ಟಿಯ ಸಾಲಿನಲ್ಲೇ ಇದ್ದು ಬೇರೆ ಯಾವ ಉಪಕರಣಕ್ಕೂ ಹೋಗದ ಅಂಕಿಗೆ ಬದಲಿಸಿ. ಆಮೇಲೆ ಉಪಕರಣಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ. ಓಎನ್‌ಟಿಯಿಂದ ಬರುವ ಕೇಬಲನ್ನು ಬೇರೆ ಬಣ್ಣದ ವ್ಯಾನ್ ಪೋರ್ಟಿಗಲ್ಲ, ಪಕ್ಕದ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ. ಮಹಡಿ ಹತ್ತಿದಾಗ ಫೋನ್ ತಾನೇ ಆ ಕಡೆಯ ಸಿಗ್ನಲ್ ಹಿಡಿಯುತ್ತದೆ.

ಇಷ್ಟೆಲ್ಲಕ್ಕೂ ಆಧಾರ ಎರಡು ಬಾಕ್ಸಿನ ನಡುವಿನ ಕೇಬಲ್. ತಣಿಸಂದ್ರ, ರಾಚೇನಹಳ್ಳಿ, ಸಂಪಿಗೆಹಳ್ಳಿಯ ಕಡೆ ಇವತ್ತಿಗೂ ಮನೆಗಳು ಏಳುತ್ತಿವೆ. ಕಟ್ಟಿಸುವವರು ಪ್ಲಾಸ್ಟರಿಂಗ್‌ಗೆ ಮುಂಚೆ, ಕರೆಂಟ್ ವೈರಿನ ಪೈಪಿನಲ್ಲಲ್ಲ, ಬೇರೆಯೇ ಪೈಪಿನಲ್ಲಿ ಪ್ರತಿ ಮಹಡಿಗೂ ಕ್ಯಾಟ್‌6 ಕೇಬಲ್ ಎಳೆಸಬೇಕು. ಕಂಪನಿ ಬದಲಾಗಬಹುದು, ಬಾಕ್ಸ್ ಬದಲಾಗಬಹುದು. ಗೋಡೆಯೊಳಗಿನ ಆ ಕೇಬಲ್ ಎಲ್ಲಕ್ಕೂ ಒದಗುತ್ತದೆ.