ಬಿದ್ದ ಮರಗಳ ಕಾಡಿನಲ್ಲಿ ಕ್ಯಾಮೆರಾ

ಪೋಲೆಂಡ್–ಬೆಲಾರುಸ್ ಗಡಿಯ ಎರಡೂ ಬದಿಗೆ ಹಬ್ಬಿರುವ ಬಿಯಾವೊವಿಯೆಝಾ ಕಾಡಿನಿಂದ ಹೊರಬರುವ ಫೋಟೊಗಳಲ್ಲಿ ಬೈಸನ್ನಿನದೇ ದರ್ಬಾರು. ಹಿಮದ ನಡುವೆ ಉಸಿರಿನ ಹಬೆ ಬಿಡುತ್ತ ನಿಂತ ನಮ್ಮ ಕಾಟಿಯ ಈ ದೂರದ ನೆಂಟ ಯಾವ ಕ್ಯಾಲೆಂಡರಿಗೂ ಒಪ್ಪುತ್ತದೆ. ಇಲ್ಲಿನ ಕೊನೆಯ ಕಾಡು ಬೈಸನ್ 1919ರಲ್ಲಿ ಕಳ್ಳಬೇಟೆಗೆ ಬಲಿಯಾಗಿತ್ತು. ಬೇರೆಡೆ ಸಾಕಣೆಯಲ್ಲಿ ಉಳಿದಿದ್ದವನ್ನು 1929ರಲ್ಲಿ ತಂದು, ಸಂತತಿ ಬೆಳೆಸಿ, 1952ರಲ್ಲಿ ಮತ್ತೆ ಕಾಡಿಗೆ ಬಿಟ್ಟರು. ಚಳಿಗಾಲದಲ್ಲಿ ಒಣಹುಲ್ಲು ಹಾಕುವ ಜಾಗಕ್ಕೆ ಹಿಂಡುಹಿಂಡಾಗಿ ಬರುವುದರಿಂದ ಅವುಗಳ ಫೋಟೊ ತೆಗೆಯುವುದು ನೋಡುಗರು ಅಂದುಕೊಂಡಷ್ಟು ಕಷ್ಟವೇನಲ್ಲ.

ಕಷ್ಟದ ಫೋಟೊಗಳು ನೆಲದ ಮೇಲಿವೆ. ರಾಷ್ಟ್ರೀಯ ಉದ್ಯಾನದ ಅತಿ ಹಳೆಯ ಭಾಗಕ್ಕೆ 1921ರಿಂದಲೇ ರಕ್ಷಣೆಯಿದೆ. ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ಅಲ್ಲಿಗೆ ಪ್ರವೇಶವಿಲ್ಲ. ಓಕ್, ಸ್ಪ್ರೂಸ್ ಮರಗಳು ಉರುಳಿದರೆ ಉರುಳಿದಲ್ಲೇ ಕೊಳೆಯುತ್ತವೆ. ಆ ಕೊಳೆತವೇ ಅಣಬೆ, ಪಾಚಿ, ಜೀರುಂಡೆಗಳ ಸಂಸಾರ. 1979ರಲ್ಲಿ ಈ ಕಾಡನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೊ ಇಲ್ಲಿ 59 ಬಗೆಯ ಸಸ್ತನಿಗಳನ್ನು ಲೆಕ್ಕಹಾಕಿದೆ; ಬೆನ್ನುಮೂಳೆಯಿಲ್ಲದ ಜೀವಿಗಳು 12,000 ಬಗೆಗಿಂತ ಹೆಚ್ಚು! ಇವುಗಳಿಗೆ ಮಾರುದ್ದದ ಲೆನ್ಸ್ ಬೇಡ; ಮ್ಯಾಕ್ರೊ ಲೆನ್ಸು, ಟ್ರೈಪಾಡು, ಒದ್ದೆ ನೆಲಕ್ಕೆ ಊರಲು ಮೊಣಕಾಲು ಸಾಕು. ಎಲೆ ದಟ್ಟವಾದ ಮೇಲೆ ಬುಡಕ್ಕೆ ಬೆಳಕು ಇಳಿಯದು. ಮರಕುಟಿಗಗಳನ್ನು ಅರಸುವವರು ಚಿಗುರೊಡೆಯುವ ಮೊದಲೇ ಬರುವುದು ಅದಕ್ಕೇ.

ಈ ಕಾಡಿನ ಛಾಯಾಗ್ರಾಹಕರಲ್ಲಿ ಲೇಖ್ ವಿಲ್ಚೆಕ್ (1930–2018) ಅವರ ದಾರಿ ಬೇರೆ. ಜೀವವಿಜ್ಞಾನಿ ಸಿಮೊನಾ ಕೊಸ್ಸಾಕ್ ಜೊತೆ ಅವರು ಕಾಡಿನೊಳಗಿನ ಜೆಜಿಂಕಾ ಎಂಬ ಹಳೆಯ ಮರದ ಮನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದರು. ಅವರು ಬಂದಾಗ ಅಲ್ಲಿ ಕರೆಂಟಿರಲಿಲ್ಲ, ನಲ್ಲಿಯಿರಲಿಲ್ಲ. ಸಿಮೊನಾ ಮೂರು ತಲೆಮಾರಿನ ಹೆಸರಾಂತ ಚಿತ್ರಕಾರರ ಮನೆಯ ಮಗಳು. ಆದರೆ ಕುಂಚ ಹಿಡಿಯಲಿಲ್ಲ. ಮರಿಯಾಗಿ ಬಂದ ಝಾಪ್ಕಾ ಎಂಬ ಕಾಡುಹಂದಿ, ತುಂಟ ಕಾಗೆ, ಲಿಂಕ್ಸ್ ಬೆಕ್ಕು ಅವರ ಮನೆಮಂದಿಯಾದವು. ವಿಲ್ಚೆಕ್ ಕ್ಯಾಮೆರಾ ಅವರೆಲ್ಲರನ್ನೂ ಹಿಡಿಯಿತು. ಸಾಕಿದ ಪ್ರಾಣಿಗಳ ಫೋಟೊ ವನ್ಯಜೀವಿ ಛಾಯಾಗ್ರಹಣವೇ ಎಂದು ಯಾರಾದರೂ ತಕರಾರು ಎತ್ತಬಹುದು; ಎತ್ತಲೂಬೇಕು. ಆದರೂ ಈ ಕಾಡು ಪೋಲೆಂಡಿನ ಸಾಮಾನ್ಯ ಓದುಗರಿಗೆ ಹತ್ತಿರವಾದದ್ದು ಇಂಥ ಫೋಟೊಗಳಿಂದಲೂ ಹೌದು.

ಸತ್ತ ಮರದ ಬೆಲೆ ಎಲ್ಲರಿಗೂ ಒಂದೇ ಅಲ್ಲ. ತೊಗಟೆ ಕೊರೆಯುವ ಜೀರುಂಡೆಯ ಕಾಟದ ನೆಪದಲ್ಲಿ ಪೋಲೆಂಡ್ ಸರ್ಕಾರ 2016ರಲ್ಲಿ ಮರ ಕಡಿಯುವ ಮಿತಿಯನ್ನು ಏರಿಸಿತು. ಮೂರು ಬೆರಳಿನ ಮರಕುಟಿಗಕ್ಕೆ ಅದೇ ಜೀರುಂಡೆ ಊಟ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಪ್ರತಿಭಟನಕಾರರು ಕಟಾವು ಯಂತ್ರಗಳಿಗೆ ತಮ್ಮನ್ನೇ ಕಟ್ಟಿಕೊಂಡರು. 2018ರ ಏಪ್ರಿಲ್‌ನಲ್ಲಿ ಯುರೋಪಿಯನ್ ನ್ಯಾಯಾಲಯ ಈ ಕಡಿತ ಕಾನೂನುಬಾಹಿರ ಎಂದು ತೀರ್ಪಿತ್ತಿತು. ಆದರೆ 2022ರಲ್ಲಿ ವಲಸಿಗರನ್ನು ತಡೆಯಲು ಗಡಿಯುದ್ದಕ್ಕೂ ಎದ್ದ ಐದೂವರೆ ಮೀಟರ್ ಎತ್ತರದ ಉಕ್ಕಿನ ಬೇಲಿ ಇದೇ ಕಾಡನ್ನು ಸೀಳಿಕೊಂಡು ಹೋಗಿದೆ.