ಮರದ ನೆತ್ತಿಯಲ್ಲಿ ಸಿಕ್ಕಿಕೊಂಡ ರಾಕೆಟ್: ನಂಬಿಕೆ ಏನು, ನಿಜ ಏನು?

ಅಮೆರಿಕದ ಶಾಲಾ ಮೈದಾನಗಳಲ್ಲಿ, ಊರಾಚೆಯ ಬಯಲುಗಳಲ್ಲಿ ಮಾದರಿ ರಾಕೆಟ್ ಹಾರಿಸುವವರಿಗೆ ತೀರಾ ಪರಿಚಿತವಾದ ನೋಟವೊಂದಿದೆ. ರಾಕೆಟ್ ಸುಯ್ಯೆಂದು ನೆಟ್ಟಗೆ ಏರುತ್ತದೆ, ಮೇಲೆ ಹೋಗಿ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ನೆರೆದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಅದು ಗಾಳಿಗೆ ಓಲಾಡುತ್ತ ಮೈದಾನದ ಅಂಚಿಗೆ ಸರಿಯುತ್ತದೆ, ಅಂಚನ್ನೂ ದಾಟಿ ಇಪ್ಪತ್ತು ಮೀಟರ್ ಎತ್ತರದ ಓಕ್ ಮರದ ನೆತ್ತಿಯಲ್ಲಿ ಹೋಗಿ ಕೂರುತ್ತದೆ. 'ಪೀನಟ್ಸ್' ಚಿತ್ರಕಥಾ ಸರಣಿಯಲ್ಲಿ ಚಾರ್ಲಿ ಬ್ರೌನ್‌ನ ಗಾಳಿಪಟಗಳನ್ನು ತಿನ್ನುವ ಮರವೊಂದಿದೆ. ರಾಕೆಟ್ ಹವ್ಯಾಸಿಗಳೂ ಇಂಥ ಮರಗಳನ್ನು 'ರಾಕೆಟ್ ತಿನ್ನುವ ಮರ' ಎಂದೇ ಕರೆಯುತ್ತಾರೆ.

ರಾಕೆಟ್ ಸಿಕ್ಕಿಕೊಂಡ ಮರುಕ್ಷಣ ಮರದ ಕೆಳಗೆ ಸಲಹೆಗಳ ಮಳೆ ಸುರಿಯುತ್ತದೆ. ಒಬ್ಬರು ಏಣಿ ತರಲು ಓಡುತ್ತಾರೆ, ಇನ್ನೊಬ್ಬರು ಕಲ್ಲು ಹುಡುಕುತ್ತಾರೆ, ಮತ್ತೊಬ್ಬರು ನಾಳೆ ತಾನೇ ಬೀಳುತ್ತದೆ ಬಿಡಿ ಅನ್ನುತ್ತಾರೆ. ಈ ಸಲಹೆಗಳ ಹಿಂದಿರುವ ನಂಬಿಕೆಗಳಲ್ಲಿ ಕೆಲವು ನಿರುಪದ್ರವಿ. ಕೆಲವು ಮಾತ್ರ ಪ್ರಾಣಕ್ಕೇ ಎರವಾಗುವಂಥವು.

'ಮರಕ್ಕೆ ಸಿಕ್ಕಿದ್ದು ಬರೀ ದುರದೃಷ್ಟ'

ಇದು ಎಲ್ಲಕ್ಕಿಂತ ವ್ಯಾಪಕವಾದ ನಂಬಿಕೆ. ಉಳಿದೆಲ್ಲ ತಪ್ಪುಗಳೂ ಇದರ ಬೆನ್ನಿಗೇ ಬರುತ್ತವೆ. ನಿಜವೇನೆಂದರೆ, ರಾಕೆಟ್ ಎಲ್ಲಿ ಇಳಿಯುತ್ತದೆ ಎಂಬುದರ ಬಹುಪಾಲು ಹಾರಿಸುವ ಮೊದಲೇ ನಿರ್ಧಾರವಾಗಿರುತ್ತದೆ, ಕಾಗದದ ಮೇಲೆ ಲೆಕ್ಕ ಹಾಕಿ ಅಂದಾಜು ಮಾಡಲೂ ಬರುತ್ತದೆ.

ಒಂದು ಉದಾಹರಣೆ ನೋಡಬಹುದು. 40 ಗ್ರಾಂ ತೂಕದ ಸಣ್ಣ ರಾಕೆಟ್, 30 ಸೆಂಟಿಮೀಟರ್ ಅಗಲದ ಪ್ಯಾರಾಚೂಟ್. ಅದು ಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ವೇಗದಲ್ಲಿ ಇಳಿಯುತ್ತದೆ. 200 ಮೀಟರ್ ಎತ್ತರದಿಂದ ನೆಲ ಮುಟ್ಟಲು ಒಂದು ನಿಮಿಷದಷ್ಟು ಹೊತ್ತು ಬೇಕು. ಸೆಕೆಂಡಿಗೆ 4 ಮೀಟರ್, ಅಂದರೆ ಗಂಟೆಗೆ 14 ಕಿಲೋಮೀಟರ್ ವೇಗದ ಗಾಳಿ ಇದ್ದರೆ (ಎಲೆಗಳು ಅಲುಗಾಡುವಷ್ಟು ಗಾಳಿ ಅದು, ಬಿರುಗಾಳಿಯೇನಲ್ಲ) ಆ ಒಂದು ನಿಮಿಷದಲ್ಲಿ ರಾಕೆಟ್ 230 ಮೀಟರ್ ದೂರ ತೇಲಿರುತ್ತದೆ. ಎರಡು ಫುಟ್‌ಬಾಲ್ ಮೈದಾನಗಳನ್ನು ಉದ್ದಕ್ಕೆ ಜೋಡಿಸಿದರೂ ಸಾಲದು. ಮೇಲೆ ಹೋದಂತೆ ಗಾಳಿಯ ವೇಗ ಸಾಮಾನ್ಯವಾಗಿ ಹೆಚ್ಚುವುದರಿಂದ ಈ ಅಂಕಿ ಕಡಿಮೆಯೇ ಇರಬಹುದು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಸೇರಿಕೊಳ್ಳುತ್ತದೆ. ಪ್ಯಾರಾಚೂಟ್ ದೊಡ್ಡದಾದಷ್ಟೂ ರಾಕೆಟ್ ಸುರಕ್ಷಿತ ಎಂದು ಹೊಸಬರು ಭಾವಿಸುತ್ತಾರೆ. ಅದೇ ರಾಕೆಟ್ಟಿಗೆ 45 ಸೆಂಟಿಮೀಟರ್ ಪ್ಯಾರಾಚೂಟ್ ಕಟ್ಟಿದರೆ ಇಳಿಯುವ ಹೊತ್ತು ಒಂದೂವರೆ ಪಟ್ಟಾಗುತ್ತದೆ, ತೇಲುವ ದೂರವೂ ಒಂದೂವರೆ ಪಟ್ಟಾಗಿ 350 ಮೀಟರ್ ಮುಟ್ಟುತ್ತದೆ. ರೆಕ್ಕೆ ಮುರಿಯದಿರಲಿ ಎಂದು ಕಟ್ಟಿದ ಪ್ಯಾರಾಚೂಟೇ ರಾಕೆಟ್ಟನ್ನು ಮರಕ್ಕೆ ತಲುಪಿಸುತ್ತದೆ.

ಪ್ಯಾರಾಚೂಟಿನ ನಡುವೆ ತೂತು ಮಾಡಿದರೆ ಬೇಗ ಇಳಿಯುತ್ತದೆ ಎಂಬುದೂ ಅರ್ಧಸತ್ಯ. ಅಗಲದ ಐದನೇ ಒಂದು ಭಾಗದಷ್ಟು ತೂತು ಕತ್ತರಿಸಿದರೆ ಹೋಗುವುದು ಶೇಕಡ 4ರಷ್ಟು ಬಟ್ಟೆ ಮಾತ್ರ. ಇಳಿಯುವ ವೇಗ ಹೆಚ್ಚುವುದು ಲೆಕ್ಕದ ಪ್ರಕಾರ ಶೇಕಡ 2ರಷ್ಟು. ಅಂಥ ತೂತಿನಿಂದ ರಾಕೆಟ್ ತೂಗಾಡುವುದು ಕಡಿಮೆಯಾಗುತ್ತದೆ, ಅದು ಒಳ್ಳೆಯದೇ, ಆದರೆ ಮರ ತಪ್ಪುವುದಿಲ್ಲ. ನಿಜಕ್ಕೂ ಫಲ ಕೊಡುವುದು ಚಿಕ್ಕ ಪ್ಯಾರಾಚೂಟ್, ಹಗುರ ರಾಕೆಟ್ಟಿಗಾದರೆ ಪ್ಯಾರಾಚೂಟಿನ ಬದಲು ಉದ್ದನೆಯ ಪಟ್ಟಿ, ಇಲ್ಲವೇ ಚಿಕ್ಕ ಮೋಟಾರು.

ಮೋಟಾರಿನ ಮೇಲೆ ಬರೆದಿರುವ ಅಕ್ಷರ ಅದರ ಒಟ್ಟು ಆವೇಗದ (ಇಂಪಲ್ಸ್) ವರ್ಗವನ್ನು ಹೇಳುತ್ತದೆ. ಎ ಗಿಂತ ಬಿ ಯ, ಬಿ ಗಿಂತ ಸಿ ಯ ಗರಿಷ್ಠ ಮಿತಿ ಎರಡು ಪಟ್ಟು. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ರೂಪಿಸಿದ ಸುರಕ್ಷತಾ ನಿಯಮಗಳು ಎ ಮೋಟಾರಿಗೆ ಕನಿಷ್ಠ 100 ಅಡಿ, ಬಿ ಗೆ 200 ಅಡಿ, ಸಿ ಗೆ 400 ಅಡಿ ಅಗಲದ ಬಯಲು ಬೇಕೆನ್ನುತ್ತವೆ. ಗಾಳಿ ಗಂಟೆಗೆ 32 ಕಿಲೋಮೀಟರ್ ಮೀರಿದರೆ ಹಾರಿಸಲೇಬಾರದು. ಆದರೆ 400 ಅಡಿ ಎಂದರೆ 122 ಮೀಟರ್ ಅಷ್ಟೆ. ಮೇಲಿನ ಲೆಕ್ಕದ ರಾಕೆಟ್ ಅದರ ಎರಡು ಪಟ್ಟು ಹತ್ತಿರ ದೂರ ತೇಲಿತ್ತು. ನಿಯಮದಲ್ಲಿರುವುದು ಕನಿಷ್ಠ ಅಳತೆ. ರಾಕೆಟ್ ಬಯಲಿನೊಳಗೇ ಇಳಿಯುತ್ತದೆ ಎಂಬ ಖಾತರಿಯನ್ನು ಅದು ಕೊಡುವುದಿಲ್ಲ.

ದೊಡ್ಡ ರಾಕೆಟ್ ಹಾರಿಸುವವರು ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿದ್ದಾರೆ. ಜಾಲಿ ಲಾಜಿಕ್ ಕಂಪನಿಯ ಪುಟ್ಟ ಸಾಧನವೊಂದು ಮಡಚಿದ ಪ್ಯಾರಾಚೂಟನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಹಿಡಿದಿರುತ್ತದೆ, ಮೊದಲೇ ಹೊಂದಿಸಿಟ್ಟ ಎತ್ತರಕ್ಕೆ ಇಳಿದ ಮೇಲಷ್ಟೇ ಬಿಡುತ್ತದೆ. ರಾಕೆಟ್ ಬಹಳಷ್ಟು ದೂರ ಸರಸರನೆ ಬಿದ್ದು, ಕೊನೆಯ ಸ್ವಲ್ಪ ದೂರವನ್ನಷ್ಟೇ ನಿಧಾನವಾಗಿ ಇಳಿಯುತ್ತದೆ. ಗಾಳಿಗೆ ಸಿಗುವ ಹೊತ್ತೇ ಕಡಿಮೆ.

'ಹತ್ತಿ ತೆಗೆದರಾಯಿತು'

ಮರ ಹತ್ತುವುದು ಬಾಲ್ಯದ ಸಹಜ ವಿದ್ಯೆ, ಅದರಲ್ಲೇನು ಎನ್ನುವವರಿದ್ದಾರೆ. ರಾಕೆಟ್ ವಿಜ್ಞಾನದ ಚರಿತ್ರೆಯಲ್ಲೇ ಒಂದು ಪ್ರಸಿದ್ಧ ಮರ ಇದೆ. 1899ರ ಅಕ್ಟೋಬರ್ 19ರಂದು ಮ್ಯಾಸಚೂಸೆಟ್ಸ್‌ನ ವುಸ್ಟರ್‌ನಲ್ಲಿ 17 ವರ್ಷದ ರಾಬರ್ಟ್ ಗೊಡ್ಡಾರ್ಡ್ ಒಣಗಿದ ಕೊಂಬೆ ಕಡಿಯಲು ಚೆರಿ ಮರ ಹತ್ತಿದ್ದ. ಮಂಗಳ ಗ್ರಹಕ್ಕೆ ಹೋಗುವ ಯಂತ್ರವೊಂದು ಅಲ್ಲಿ ಅವನ ಕಲ್ಪನೆಗೆ ಬಂತು, ಬದುಕಿನುದ್ದಕ್ಕೂ ಆ ದಿನವನ್ನು ಅವನು ನೆನೆಯುತ್ತಿದ್ದ. 1926ರ ಮಾರ್ಚ್ 16ರಂದು ಮೊದಲ ದ್ರವ ಇಂಧನದ ರಾಕೆಟ್ ಹಾರಿಸಿದವನೂ ಅವನೇ. ಆದರೆ ಮನೆಯ ಹಿತ್ತಲಿನ ಚೆರಿ ಮರಕ್ಕೂ ರಾಕೆಟ್ ಸಿಕ್ಕಿಕೊಳ್ಳುವ ಮರಕ್ಕೂ ಹೋಲಿಕೆ ಸಲ್ಲದು.

ಕಾರಣ ಸರಳ. ಗಾಳಿಯಲ್ಲಿ ಬರುವ ಪ್ಯಾರಾಚೂಟ್ ಮರದ ಕಾಂಡದ ಬಳಿ ಬಂದು ನಿಲ್ಲುವುದಿಲ್ಲ. ಅದು ಸಿಕ್ಕುವುದು ಮರದ ಹೊರ ಅಂಚಿನ ಕಿರುಕೊಂಬೆಗಳಿಗೆ, ಅದೂ ನೆತ್ತಿಯಲ್ಲಿ. ಹತ್ತುವವರು ಕಾಂಡದ ದಪ್ಪ ಕೊಂಬೆಗಳಲ್ಲಿ ಧೈರ್ಯವಾಗಿ ಏರಿ, ಕಡೆಗೆ ತಮ್ಮ ಭಾರ ತಡೆಯದ ಕೊಂಬೆಯ ಮೇಲೆ ಕೈ ಚಾಚಬೇಕಾಗುತ್ತದೆ. 10 ಮೀಟರ್ ಎತ್ತರದಿಂದ ಬಿದ್ದವರು ನೆಲಕ್ಕೆ ಅಪ್ಪಳಿಸುವುದು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ. 5 ಮೀಟರ್ ಆದರೂ 36 ಕಿಲೋಮೀಟರ್. ರಟ್ಟಿನ ಕೊಳವೆ, ಬಾಲ್ಸಾ ಮರದ ರೆಕ್ಕೆ, ಪ್ಲಾಸ್ಟಿಕ್ ಮೂತಿ, ಇಷ್ಟೇ ಇರುವ ವಸ್ತುವಿಗಾಗಿ ಯಾವ ಮಗುವನ್ನೂ ಯಾವ ಅಪ್ಪನೂ ಆ ಎತ್ತರಕ್ಕೆ ಕಳಿಸಬಾರದು, ತಾನೂ ಹೋಗಬಾರದು.

ಮೇಲೆ ಹೇಳಿದ ಸುರಕ್ಷತಾ ನಿಯಮಗಳು ಈ ವಿಚಾರದಲ್ಲಿ ಸ್ಪಷ್ಟವಾಗಿವೆ: ವಿದ್ಯುತ್ ತಂತಿ, ಎತ್ತರದ ಮರ ಮುಂತಾದ ಅಪಾಯದ ಜಾಗಗಳಿಂದ ರಾಕೆಟ್ ತೆಗೆಯುವ ಪ್ರಯತ್ನವನ್ನೇ ಮಾಡಬಾರದು. ಈ ಹವ್ಯಾಸ ಹುಟ್ಟಿದ್ದೇ ಅಪಾಯ ತಪ್ಪಿಸಲು ಎಂಬುದನ್ನು ನೆನೆದರೆ ನಿಯಮದ ಬಿಗಿ ಅರ್ಥವಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಹುಡುಗರು ಮನೆಯಲ್ಲೇ ಮದ್ದು ಅರೆದು ಲೋಹದ ಕೊಳವೆಗೆ ತುಂಬಿ ಗಾಯಗೊಳ್ಳುತ್ತಿದ್ದರು, ಸತ್ತವರೂ ಇದ್ದರು. ನೆಬ್ರಾಸ್ಕಾದ ನಾರ್ಫೋಕ್‌ನಲ್ಲಿ ಚಪ್ಪಲಿ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ 1954ರಲ್ಲಿ ಕಾಗದದ ಮೈಯ, ಬದಲಿಸಬಹುದಾದ ಮೋಟಾರಿನ, ಪ್ಯಾರಾಚೂಟಿನಲ್ಲಿ ಇಳಿಯುವ ರಾಕೆಟ್ ಮಾಡಿದರು. ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ನೆಲೆಯಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಸ್ಟೈನ್ ಅದನ್ನು 1957ರಲ್ಲಿ ಎಲ್ಲರ ಕೈಗೆ ತಲುಪುವಂತೆ ಮಾಡಿದರು. ಹಾರುವಾಗ ಇರುವ ಅಪಾಯವನ್ನು ಅವರಿಬ್ಬರೂ ಅಷ್ಟು ಕಷ್ಟಪಟ್ಟು ತಗ್ಗಿಸಿದ್ದಾರೆ. ಇಳಿದ ಮೇಲೆ ಅದನ್ನು ಮತ್ತೆ ಮೈಮೇಲೆ ಎಳೆದುಕೊಳ್ಳುವುದು ಸರಿಯಲ್ಲ.

ರಾಕೆಟ್ಟಿನಲ್ಲಿ ಬೆಲೆಬಾಳುವ ಉಪಕರಣಗಳಿದ್ದು ತೆಗೆಯಲೇಬೇಕಾದರೆ, ಮರ ಹತ್ತುವುದನ್ನೇ ವೃತ್ತಿ ಮಾಡಿಕೊಂಡ ಮರತಜ್ಞರು ಅಮೆರಿಕದಲ್ಲಿದ್ದಾರೆ. ಅವರು ಹೆಲ್ಮೆಟ್, ಸೊಂಟಪಟ್ಟಿ, ಹಗ್ಗ ಬಿಟ್ಟು ಮೇಲೇರುವುದಿಲ್ಲ, ಕೆಳಗೆ ಜೊತೆಗಾರರಿಲ್ಲದೆಯೂ ಏರುವುದಿಲ್ಲ.

'ತಂತಿಯ ಮೇಲೆ ಹಕ್ಕಿ ಕೂರುವುದಿಲ್ಲವೇ?'

ಹಕ್ಕಿಗೆ ಏನೂ ಆಗದಿರುವುದು ಅದು ಒಂದೇ ತಂತಿಯನ್ನು ಮುಟ್ಟಿರುವುದರಿಂದ. ಕೆಳಗೆ ನಿಂತು ಕೋಲು ಚಾಚುವ ಮನುಷ್ಯ ತಂತಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಿರುತ್ತಾನೆ, ವಿದ್ಯುತ್ತು ಅವನ ಮೈಯ ಮೂಲಕ ಭೂಮಿಗೆ ಇಳಿಯುತ್ತದೆ. ಅಮೆರಿಕದ ಬಡಾವಣೆಗಳ ಕಂಬದ ಮೇಲಿನ ತಂತಿಗಳಲ್ಲಿ ಸಾಮಾನ್ಯವಾಗಿ 7,200 ವೋಲ್ಟ್, ನಮ್ಮ ಊರುಗಳ ವಿತರಣಾ ತಂತಿಗಳಲ್ಲಿ 11,000 ವೋಲ್ಟ್ ಇರುತ್ತದೆ. ಕಪ್ಪು ಹೊದಿಕೆ ಕಂಡರೂ ಅದನ್ನು ನಂಬುವಂತಿಲ್ಲ. ಅದು ಮಳೆ ಬಿಸಿಲಿನ ರಕ್ಷಣೆಗೆ ಮಾತ್ರ ಇರಬಹುದು. ತರಬೇತಿ ಇಲ್ಲದವರು ಮತ್ತು ಅವರ ಕೈಯ ಯಾವುದೇ ಸಾಧನ ಇಂಥ ತಂತಿಯಿಂದ ಕನಿಷ್ಠ 10 ಅಡಿ ದೂರ ಇರಬೇಕೆಂಬುದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ.

ಕೋಲಿನ ವಿಷಯದಲ್ಲಿ ಕರ್ನಾಟಕದ ಓದುಗರು ಒಂದನ್ನು ಗಮನಿಸಬೇಕು. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ನೆಲದಲ್ಲೇ ನಿಂತು ಕೊನೆ ಕೊಯ್ಯಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಉದ್ದ, ಗಟ್ಟಿ. ರಾಕೆಟ್ಟನ್ನೋ ಗಾಳಿಪಟವನ್ನೋ ಬಿಡಿಸಲೂ ಅನುಕೂಲವೆನಿಸುತ್ತದೆ. ಅದು ಲೋಹವಲ್ಲ, ಹಾಗಾಗಿ ಕರೆಂಟು ಹೊಡೆಯುವುದಿಲ್ಲ ಎಂಬ ನಂಬಿಕೆ ಮಾತ್ರ ಪೂರಾ ತಪ್ಪು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ತು ಹರಿಯುತ್ತದೆ. ಒದ್ದೆ ಬಿದಿರು, ಒದ್ದೆ ಹಗ್ಗಗಳಲ್ಲೂ ಹರಿಯುತ್ತದೆ. ತಂತಿಗೆ ತಾಗಿಕೊಂಡ ಹಸಿ ಮರವೂ ಅಪಾಯವೇ. ರಾಕೆಟ್ ತಂತಿಯ ಹತ್ತಿರ ಸಿಕ್ಕಿದ್ದರೆ ಮಾಡಬೇಕಾದದ್ದು ಒಂದೇ: ವಿದ್ಯುತ್ ಕಂಪನಿಗೆ ಫೋನ್ ಮಾಡುವುದು. ಇಲ್ಲಿ ಆ ಸಂಖ್ಯೆ 1912.

'ಹಗ್ಗ ಹಾಕಿ ಜೋರಾಗಿ ಎಳೆದರೆ ಬಂದೇ ಬರುತ್ತದೆ'

ನಿಯಮವನ್ನು ಅಕ್ಷರಶಃ ಪಾಲಿಸುವವರು ಎತ್ತರದ ಮರದ ರಾಕೆಟ್ಟನ್ನು ಅಲ್ಲೇ ಬಿಟ್ಟು ಹೋಗುತ್ತಾರೆ, ಅದು ಗೌರವಿಸಬೇಕಾದ ನಿರ್ಧಾರ. ತಂತಿಗಳಿಲ್ಲದ ಕಡೆ, ಜಾಗದ ಒಡೆಯರ ಒಪ್ಪಿಗೆ ಪಡೆದು, ಹೆಚ್ಚು ಎತ್ತರವಲ್ಲದ ಕೊಂಬೆಗೆ ನೆಲದಲ್ಲೇ ನಿಂತು ಪ್ರಯತ್ನಿಸುವ ಹಿರಿಯರೂ ಇದ್ದಾರೆ. ಅವರಿಗೆ ತಿಳಿದಿರುವ ಗುಟ್ಟು ಇದು: ಹಗ್ಗ ಹಾಕಬೇಕಾದದ್ದು ರಾಕೆಟ್ಟಿಗಲ್ಲ, ಕೊಂಬೆಗೆ.

ರಾಕೆಟ್ಟಿನ ಮೈಯನ್ನೂ ಮೂತಿಯನ್ನೂ ಸೇರಿಸುವ ಎಳೆ ಸಾಮಾನ್ಯವಾಗಿ ಎಲಾಸ್ಟಿಕ್ಕಿನದು. ರಾಕೆಟ್ಟನ್ನೇ ಹಿಡಿದೆಳೆದರೆ ಪ್ಯಾರಾಚೂಟಿನ ದಾರಗಳು ಇನ್ನಷ್ಟು ಬಿಗಿಯುತ್ತವೆ, ಎಲಾಸ್ಟಿಕ್ ಹಿಗ್ಗಿ ಒಮ್ಮೆಲೇ ತುಂಡಾಗುತ್ತದೆ, ಮೈ ಕೈಗೆ ಬಂದು ಮೂತಿ ಮರದಲ್ಲೇ ಉಳಿಯುತ್ತದೆ. ಮರತಜ್ಞರು ಬಳಸುವ ವಿಧಾನ ಬೇರೆ. 225ರಿಂದ 450 ಗ್ರಾಂ ತೂಕದ ಪುಟ್ಟ ಚೀಲಕ್ಕೆ ನುಣುಪಾದ ತೆಳು ದಾರ ಕಟ್ಟಿ, ಪ್ಯಾರಾಚೂಟ್ ಸಿಕ್ಕಿರುವ ಕೊಂಬೆಯ ಮೇಲೆ ಹಾಯುವಂತೆ ಎಸೆಯುತ್ತಾರೆ. ಚೀಲ ಆಚೆ ಇಳಿದ ಮೇಲೆ ದಾರಕ್ಕೆ ದಪ್ಪ ಹಗ್ಗ ಕಟ್ಟಿ ಎಳೆದುಕೊಂಡು, ಎರಡೂ ತುದಿ ಹಿಡಿದು ಕೊಂಬೆಯನ್ನು ಅಲುಗಾಡಿಸುತ್ತಾರೆ. ಹಲವು ಸಲ ಅಷ್ಟಕ್ಕೇ ಬಟ್ಟೆ ಜಾರಿ ಬರುತ್ತದೆ. ಕೈಯೆಸೆತ ಮುಟ್ಟದ ಎತ್ತರಕ್ಕೆ ಎರಡೂವರೆ ಮೀಟರ್ ಕೋಲಿನ ತುದಿಗೆ ಕೂರಿಸಿದ ದೊಡ್ಡ ಕವಣೆಯೂ ಅವರಲ್ಲಿದೆ.

ಎಸೆದ ತೂಕ ಮರಳಿ ತಲೆಗೇ ಬರಬಹುದು, ಒಣಕೊಂಬೆ ಮುರಿದು ಬೀಳಬಹುದು. ಹಾಗಾಗಿ ಹೆಲ್ಮೆಟ್ ಹಾಕಿಕೊಂಡು, ಕೊಂಬೆಯ ನೇರ ಕೆಳಗೆ ನಿಲ್ಲದೆ, ಮಕ್ಕಳನ್ನು ದೂರ ನಿಲ್ಲಿಸಿಯೇ ಈ ಕೆಲಸ. ಕಲ್ಲು ಹೊಡೆದರೆ ಮೊದಲು ಮುರಿಯುವುದು ರಾಕೆಟ್ಟಿನ ರೆಕ್ಕೆ. ಬಾಣ, ಗುಂಡುಗಳನ್ನು ಆಕಾಶಕ್ಕೆ ಹಾರಿಸಿದರೆ ಅವು ಎಲ್ಲಿ ಹೋಗಿ ಬೀಳುತ್ತವೆ ಎಂಬುದರ ಮೇಲೆ ಯಾರಿಗೂ ಹಿಡಿತವಿಲ್ಲ. ಡ್ರೋನ್ ಕಳಿಸಿದರೆ ಅದರ ರೆಕ್ಕೆಗೆ ಪ್ಯಾರಾಚೂಟಿನ ದಾರ ಸುತ್ತಿಕೊಂಡು ಅದೂ ಮರದಲ್ಲೇ ಉಳಿಯಬಹುದು.

'ಮೇಲೆ ಕೂತ ರಾಕೆಟ್ ಸಿಡಿದುಬಿಡುತ್ತದೆ'

ಒಂದೇ ಹಂತದ ಸಾಮಾನ್ಯ ಮಾದರಿ ರಾಕೆಟ್ಟಿನಲ್ಲಿ ಈ ಭಯ ಬೇಡ. ಸಿ6-5 ಎಂದು ಬರೆದ ಮೋಟಾರಿನಲ್ಲಿ ಕೊನೆಯ 5 ಎಂದರೆ ಇಂಧನ ಉರಿದು ಮುಗಿದ ಐದು ಸೆಕೆಂಡಿಗೆ ಪ್ಯಾರಾಚೂಟನ್ನು ಹೊರತಳ್ಳುವ ಸಣ್ಣ ಮದ್ದು ಉರಿಯುತ್ತದೆ ಎಂದರ್ಥ. ಪ್ಯಾರಾಚೂಟ್ ಬಿಚ್ಚಿದೆ ಎಂದರೆ ಮೋಟಾರಿನಲ್ಲಿ ಉರಿಯುವಂಥದ್ದು ಉಳಿದಿಲ್ಲ. ಆದರೆ ಎರಡನೇ ಹಂತ ಹೊತ್ತಿಕೊಳ್ಳದೆ ಬಂದ ರಾಕೆಟ್ಟಿನಲ್ಲಿ, ಎಲೆಕ್ಟ್ರಾನಿಕ್ಸ್ ಮೂಲಕ ಮದ್ದು ಉರಿಸುವ ದೊಡ್ಡ ರಾಕೆಟ್ಟಿನಲ್ಲಿ ಉರಿಯದ ಮದ್ದು ಇರಬಹುದು. ಅಂಥದ್ದು ಕೈಗೆ ಸಿಕ್ಕರೆ ಅದನ್ನು ಕಟ್ಟಿದವರೇ ಮೊದಲು ಸ್ವಿಚ್ ಆರಿಸಬೇಕು.

'ಗಾಳಿ ಬಂದರೆ ತಾನೇ ಬೀಳುತ್ತದೆ'

ಕೆಲವೊಮ್ಮೆ ಬೀಳುತ್ತದೆ. ಅಗ್ಗದ ಪ್ಯಾರಾಚೂಟ್ ತೆಳು ಪ್ಲಾಸ್ಟಿಕ್ಕಿನದಾದರೆ ಬಿಸಿಲಿಗೆ ಪೆಡಸಾಗಿ, ಗಾಳಿಗೆ ಹರಿದು ಬರುತ್ತದೆ. ನೈಲಾನ್ ಆದರೆ ಗಾಳಿ ಬೀಸಿದಷ್ಟೂ ದಾರಗಳು ಕೊಂಬೆಗೆ ಸುತ್ತಿಕೊಳ್ಳುವುದೇ ಹೆಚ್ಚು. ಅಮೆರಿಕದ ಉತ್ತರ ಭಾಗದಲ್ಲಿ ನವೆಂಬರ್ ಹೊತ್ತಿಗೆ ಎಲೆ ಉದುರಿದಾಗ, ಬೇಸಿಗೆಯಲ್ಲಿ ಕಾಣದೆ ಹೋದ ರಾಕೆಟ್ ಬರಿಗೊಂಬೆಯಲ್ಲಿ ಕಾಣಿಸುವುದುಂಟು. ಮೈಮೇಲೆ ಫೋನ್ ಸಂಖ್ಯೆ ಬರೆದಿಟ್ಟಿದ್ದರೆ ಬಿದ್ದಾಗ ಸಿಕ್ಕವರು ತಿಳಿಸುತ್ತಾರೆ.

ಹಾಗೆ ಮಳೆಯಲ್ಲಿ ನೆನೆದು ಬಂದ ರಾಕೆಟ್ಟನ್ನು ಒರೆಸಿ ಮತ್ತೆ ಹಾರಿಸುವಂತಿಲ್ಲ. ನೀರು ಕುಡಿದ ರಟ್ಟಿನ ಕೊಳವೆ ಒಣಗಿದರೂ ಮೊದಲಿನ ಗಟ್ಟಿತನ ಪಡೆಯುವುದಿಲ್ಲ, ಬಾಲ್ಸಾ ರೆಕ್ಕೆ ಸೊಟ್ಟಗಾಗಿ ಹಾರಾಟದ ದಾರಿಯೇ ತಪ್ಪುತ್ತದೆ, ಎಲಾಸ್ಟಿಕ್ ಸತ್ವ ಕಳೆದುಕೊಂಡಿರುತ್ತದೆ. ಪ್ಲಾಸ್ಟಿಕ್ ಮೂತಿಯನ್ನೂ ಹರಿಯದ ನೈಲಾನ್ ಪ್ಯಾರಾಚೂಟನ್ನೂ ತೊಳೆದು ಎತ್ತಿಟ್ಟುಕೊಂಡು ಹೊಸ ಕೊಳವೆಗೆ ಜೋಡಿಸಬಹುದು. ಆ ಪ್ಯಾರಾಚೂಟ್ ಹೊಸ ರಾಕೆಟ್ಟಿನ ತೂಕಕ್ಕೆ ದೊಡ್ಡದಾಯಿತೇ ಎಂದು ಜೋಡಿಸುವ ಮೊದಲೇ ಲೆಕ್ಕ ಹಾಕಬೇಕು.