ಹುಟ್ಟು ಹಿಡಿಯುವ ಮೊದಲು ಜಾಕೆಟ್ ಎಳೆದು ನೋಡಿ

ಮಾದನಾಯಕನಹಳ್ಳಿಯಲ್ಲಿ ಇರುವವರಿಗೆ ಭಾನುವಾರ ನೀರಿನ ಕಡೆ ಹೋಗೋದು ಸುಲಭ. ಮಾದಾವರದಲ್ಲಿ ನೈಸ್ ರಸ್ತೆ ಹತ್ತಿ, ಮಾಗಡಿ ರಸ್ತೆಗೆ ಇಳಿದು, ತಾವರೆಕೆರೆ ದಾಟಿದರೆ ಮಂಚನಬೆಲೆ ಜಲಾಶಯ ದೂರವೇನಲ್ಲ. ಹಾಗಾಗಿ ಶುಕ್ರವಾರ ಬಂತೆಂದರೆ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಲಿಂಕ್ ಬಂದು ಬೀಳುತ್ತೆ: ಟೆಂಟು, ಕ್ಯಾಂಪ್‌ಫೈರ್, ಜೊತೆಗೆ ಕಯಾಕಿಂಗ್ ಉಚಿತ. ಯಾರೋ ಒಬ್ಬರು "ಸೇಫಾ ಗುರೂ?" ಅಂತ ಕೇಳ್ತಾರೆ. "ಲೈಫ್ ಜಾಕೆಟ್ ಕೊಡ್ತಾರಂತೆ" ಅಂತ ಉತ್ತರ ಬರುತ್ತೆ. ಚರ್ಚೆ ಅಲ್ಲಿಗೆ ಮುಗೀತು, ಯುಪಿಐ ಶುರು.

ಎಂಥ ಜಾಕೆಟ್, ಯಾರ ಅಳತೆಯದು, ಎಷ್ಟು ಹಳೇದು ಅಂತ ಯಾರೂ ಕೇಳಲ್ಲ. ದೋಣಿಯಲ್ಲಿ ಇನ್ನೇನಿರಬೇಕು ಅನ್ನೋದಂತೂ ದೂರದ ಮಾತು. ಕಾರಿಗೆ ನಂಬರ್ ಪ್ಲೇಟ್, ಇನ್ಶೂರೆನ್ಸ್, ಹೊಗೆ ತಪಾಸಣೆ ಎಲ್ಲ ಇದೆ. ನಾವು ಕೂರುವ ಕಯಾಕ್‌ಗೆ ಅಥವಾ ತೆಪ್ಪಕ್ಕೆ ಏನಿದೆ?

ನಮ್ಮ ದೇಶದಲ್ಲಿ ನದಿ, ಜಲಾಶಯಗಳ ದೋಣಿಗಳಿಗೆ ಈಗ ಇರೋದು 2021ರ ಒಳನಾಡು ಹಡಗುಗಳ ಕಾಯ್ದೆ. ಜಾರಿಗೆ ಬಂದದ್ದು 2022ರಲ್ಲಿ. ಅದಕ್ಕೂ ಮೊದಲು ನಡೀತಿದ್ದದ್ದು 1917ರ ಕಾಯ್ದೆ, ಹಬೆ ಎಂಜಿನ್ ಕಾಲದಲ್ಲಿ ಬರೆದದ್ದು! ಹೊಸ ಕಾಯ್ದೆಯ ಬಹುಪಾಲು ಎಂಜಿನ್ ಇರುವ ದೋಣಿಗಳ ಬಗ್ಗೆ: ತಪಾಸಣೆ, ನೋಂದಣಿ, ವಿಮೆ, ಜೀವರಕ್ಷಕ ಸಾಮಗ್ರಿ. ಹುಟ್ಟು ಹಾಕಿ ನಡೆಸುವ ದೋಣಿಗಳಿಗೆ ಬೇರೆಯದೇ ಅಧ್ಯಾಯ ಇದೆ. ಅವುಗಳ ಹೊಣೆ ರಾಜ್ಯ ಸರ್ಕಾರದ್ದು, ಮತ್ತು ಆ ಕೆಲಸವನ್ನು ಸ್ಥಳೀಯ ಸಂಸ್ಥೆಗಳಿಗೆ, ಅಂದರೆ ಪಂಚಾಯಿತಿ ಮಟ್ಟದವರೆಗೂ ವಹಿಸಬಹುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆಂದು ಮಾರ್ಗಸೂಚಿ ಹೊರತಂದಿದೆ. ಆದರೆ ಮಾರ್ಗಸೂಚಿ ಬೇರೆ, ದಡದಲ್ಲಿ ನಿಂತು ಎಣಿಸುವ ಇನ್‌ಸ್ಪೆಕ್ಟರ್ ಬೇರೆ. ಶನಿವಾರ ಸಂಜೆ ಐದೂವರೆಗೆ ನಮ್ಮ ಕಯಾಕ್ ಪಕ್ಕ ಅಂಥವರು ಇರೋದು ನನಗಂತೂ ಅನುಮಾನ. ಚೆಕ್‌ಲಿಸ್ಟ್ ನಮ್ಮ ಕೈಯಲ್ಲೇ ಇರಬೇಕು.

ಮೊದಲು ಜಾಕೆಟ್. ಎಂಜಿನಿಯರಿಂಗ್ ಓದಿದವರಿಗೆ ಇದು ಹೈಸ್ಕೂಲಿನ ಆರ್ಕಿಮಿಡೀಸ್. 70 ಕೆಜಿ ತೂಕದ ಮನುಷ್ಯನನ್ನು ತೇಲಿಸೋಕೆ 70 ಕೆಜಿ ಬಲ ಬೇಕಿಲ್ಲ. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ತಲೆ ನೀರಿನ ಮೇಲಿರಲು ಬಹುತೇಕ ದೊಡ್ಡವರಿಗೆ 3ರಿಂದ 5 ಕೆಜಿಯಷ್ಟು ಹೆಚ್ಚುವರಿ ಆಸರೆ ಸಾಕು. ಐಎಸ್‌ಒ 12402 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ 50, 100, 150, 275 ನ್ಯೂಟನ್ ಅಂತ ನಾಲ್ಕು ದರ್ಜೆ ಇವೆ. 50 ನ್ಯೂಟನ್ ಅಂದರೆ ಸುಮಾರು 5 ಕೆಜಿ. ತೋಳು ಆಡಿಸೋಕೆ ಸಲೀಸು ಅಂತ ಕಯಾಕಿಂಗ್‌ಗೆ ಸಾಮಾನ್ಯವಾಗಿ ಬಳಸೋದು ಇದನ್ನೇ.

ಈ 50ರ ದರ್ಜೆ ಇರೋದು ಈಜು ಬರುವವರಿಗೆ, ಸಹಾಯ ಹತ್ತಿರದಲ್ಲೇ ಇರುವ ಜಾಗಕ್ಕೆ. ಪ್ರಜ್ಞೆ ತಪ್ಪಿ ಮುಖ ಕೆಳಗಾದವರನ್ನು ಅದು ಅಂಗಾತ ತಿರುಗಿಸುತ್ತೆ ಅಂತ ನಂಬುವ ಹಾಗಿಲ್ಲ. ಆ ಕೆಲಸಕ್ಕೆ 100 ಅಥವಾ ಮೇಲಿನದ್ದು ಬೇಕು. ನಮ್ಮ ಟೀಮಿನಲ್ಲಿ ಎಷ್ಟು ಜನಕ್ಕೆ ಈಜು ಬರುತ್ತೆ ಅಂತ ಒಮ್ಮೆ ಕೈ ಎತ್ತಿಸಿ ನೋಡಿ. ಜಾಕೆಟ್ ಒಳಗಿನ ಲೇಬಲ್‌ನಲ್ಲಿ ಈ ಅಂಕಿ ಮತ್ತು ಎಷ್ಟು ತೂಕದವರಿಗೆ ಅನ್ನೋದು ಅಚ್ಚಾಗಿರುತ್ತೆ. ಲೇಬಲ್ಲೇ ಇಲ್ಲ ಅಂದರೆ ಅದು ಪೊಲೀಸರಿಗೆ ತೋರಿಸೋಕೆ ಹಾಕುವ ಹಾಫ್ ಹೆಲ್ಮೆಟ್ ಇದ್ದ ಹಾಗೆ. ತುಮಕೂರು ರಸ್ತೆಯಲ್ಲಿ ದಿನಾ ಓಡಾಡೋರಿಗೆ ಹೆಚ್ಚು ವಿವರಿಸಬೇಕಿಲ್ಲ.

ಹಾಕಿಕೊಂಡ ಮೇಲೆ ಎಲ್ಲ ಬಕಲ್ ಬಿಗಿ ಮಾಡಿ, ಎರಡೂ ಕೈ ಮೇಲೆತ್ತಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯೋಕೆ ಸ್ನೇಹಿತರಿಗೆ ಹೇಳಿ. ಜಾಕೆಟ್ ಕಿವಿವರೆಗೆ ಬಂತು ಅಂದರೆ ನೀರಿನಲ್ಲೂ ಅಷ್ಟೇ: ಅದು ಮೇಲೆ, ನೀವು ಕೆಳಗೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿ "ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ" ಅನ್ನುವವರು ಇದ್ದಾರೆ. ಇದರಲ್ಲಿ ಅಡ್ಜಸ್ಟ್ ಬೇಡ. ಮಗುವಿನ ಜಾಕೆಟ್‌ಗೆ ಕಾಲುಗಳ ನಡುವೆ ಹಾದುಬರುವ ಪಟ್ಟಿ ಇರಬೇಕು, ಇಲ್ಲದಿದ್ದರೆ ತಲೆಯಿಂದ ಜಾರಿಹೋಗುತ್ತೆ.

ಇನ್ನು ಕೆಲವರು ಜಾಕೆಟ್ಟನ್ನು ಸೀಟಿನ ಕೆಳಗೆ ಇಟ್ಟುಕೊಂಡು ಕೂರ್ತಾರೆ, ಸೆಲ್ಫಿಯಲ್ಲಿ ಟೀ ಶರ್ಟ್ ಕಾಣಬೇಕಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ವರ್ಷವರ್ಷವೂ ಲೆಕ್ಕ ಪ್ರಕಟಿಸುತ್ತೆ. ಅಲ್ಲಿ ದೋಣಿ ಅವಘಡಗಳಲ್ಲಿ ಮುಳುಗಿ ಸತ್ತವರಲ್ಲಿ 80%ಕ್ಕೂ ಹೆಚ್ಚು ಮಂದಿ ಜಾಕೆಟ್ ಹಾಕಿಕೊಂಡಿರಲಿಲ್ಲ. ನಮ್ಮಲ್ಲಿ 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಹಲವು ಮಕ್ಕಳ ಮೈಮೇಲೆ ಜಾಕೆಟ್ ಇರಲಿಲ್ಲ, ಜನ ಮಿತಿಗಿಂತ ಹೆಚ್ಚಿದ್ದರು. ಅದು ಸಮುದ್ರವಲ್ಲ, ಊರೊಳಗಿನ ಕೆರೆ.

ಹುಟ್ಟು ಹಾಕುವ ದೋಣಿಯ ಕಥೆ ಬೇಕಿದ್ದರೆ ದಾಂಡೇಲಿ ಕಡೆ ಬನ್ನಿ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿ ಹತ್ತಿರ ಕಾಳಿ ನದಿಯಲ್ಲಿ ಮಿತಿ ಮೀರಿ ಜನ ಹತ್ತಿಸಿದ್ದ ರ‍್ಯಾಫ್ಟ್ ಒಂದು ಸಿಕ್ಕಿಹಾಕಿಕೊಂಡ ವಿಡಿಯೊ ನೀವೂ ನೋಡಿರಬಹುದು. ಜನ ಬಚಾವಾದರು. ಆಮೇಲೆ ಜಿಲ್ಲಾಡಳಿತ ಅಲ್ಲಿನ ಜಲಕ್ರೀಡೆಯನ್ನೇ ನಿಲ್ಲಿಸಿತು.

ಜಾಕೆಟ್ ಬಿಟ್ಟರೆ ಉಳಿದದ್ದು ಅಗ್ಗದ ಸಾಮಾನು. ಕೆನಡಾದಲ್ಲಿ ಕಯಾಕ್, ಕನೂ ಇಳಿಸುವವರು ತಲೆಗೊಂದು ಜಾಕೆಟ್ ಜೊತೆ ತೇಲುವ 15 ಮೀಟರ್ ಹಗ್ಗ, ನೀರು ಎತ್ತಿ ಚೆಲ್ಲೋಕೆ ಡಬ್ಬಿ ಅಥವಾ ಕೈಪಂಪು, ಒಂದು ಸೀಟಿ ಇಟ್ಟುಕೊಳ್ಳಬೇಕು ಅಂತ ಕಾನೂನೇ ಇದೆ. ಕಾರವಾರ, ಮಲ್ಪೆ ಕಡೆ ಸಮುದ್ರಕ್ಕೆ ಇಳಿಯುವವರಿಗೆ 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು ಅನ್ವಯ. ಅದರ ಪ್ರಕಾರ ಹುಟ್ಟಿನ ದೋಣಿಯವರು ಕತ್ತಲಾದ ಮೇಲೆ ಬಿಳಿ ಬೆಳಕಿನ ಟಾರ್ಚ್ ಆದರೂ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರಬೇಕು, ಎದುರು ಬರುವ ದೋಣಿಗೆ ಸಮಯಕ್ಕೆ ಸರಿಯಾಗಿ ತೋರಿಸೋಕೆ. ಮೊಬೈಲ್ ಟಾರ್ಚ್ ನಂಬಬೇಡಿ, ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಸರಿಯಾಗಿ ಕೇಳಲ್ಲ. ಸೀಟಿಯನ್ನು ಜಾಕೆಟ್‌ಗೇ ಕಟ್ಟಿಕೊಳ್ಳಿ. ಕೂಗಿ ಕೂಗಿ ಗಂಟಲು ಸೋತ ಮೇಲೂ ಸೀಟಿ ಊದಬಹುದು.

ತೆಪ್ಪದ ವಿಚಾರಕ್ಕೆ ಹೊಗೇನಕಲ್ ವ್ಯವಸ್ಥೆ ನನಗೆ ಇಷ್ಟ. ಕಾವೇರಿ ತಮಿಳುನಾಡಿಗೆ ದಾಟುವ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗ ಹರಿವು ಅಳೆಯುತ್ತೆ. ಕೆಆರ್‌ಎಸ್, ಕಬಿನಿಯಿಂದ ನೀರು ಬಿಟ್ಟು ಹರಿವು ಏರಿದಾಗ ಧರ್ಮಪುರಿ ಜಿಲ್ಲಾಡಳಿತ ತೆಪ್ಪ ನಿಲ್ಲಿಸಿಬಿಡುತ್ತೆ. ಹುಟ್ಟು ಹಾಕುವವನ ಧೈರ್ಯ, ಪ್ರವಾಸಿಗರ ಗೋಗರೆತ ಯಾವುದೂ ಲೆಕ್ಕಕ್ಕಿಲ್ಲ, ಅಂಕಿ ನೋಡಿ ತೀರ್ಮಾನ. ಖಾಸಗಿ ಕ್ಯಾಂಪ್‌ಗಳಲ್ಲಿ ಆ ತೀರ್ಮಾನ ಬಹಳ ಸಲ ದುಡ್ಡು ತಗೊಂಡವನದ್ದೇ.

ಅದಕ್ಕೇ ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಿ. ಜಾಕೆಟ್ ಎಷ್ಟು ನ್ಯೂಟನ್, ಮಕ್ಕಳ ಅಳತೆ ಇದೆಯಾ, ನೀರಿನಲ್ಲಿ ನಮ್ಮ ಜೊತೆ ಕಾಪಾಡೋಕೆ ಯಾರಿರ್ತಾರೆ, ಸಂಜೆ ಎಷ್ಟಕ್ಕೆ ನಿಲ್ಲಿಸ್ತೀರಿ. ಕೊನೆಗೆ ಇದನ್ನು ಮರೀಬೇಡಿ: ಗಾಳಿ ಎದ್ದು ಅಥವಾ ನೀರು ಏರಿ ಕಯಾಕಿಂಗ್ ರದ್ದಾದರೆ ದುಡ್ಡು ವಾಪಸ್ ಕೊಡ್ತೀರಾ? ಕೊಡಲ್ಲ ಅನ್ನುವವನು ಗಾಳಿ ಎದ್ದ ದಿನವೂ ದೋಣಿ ಇಳಿಸೋಕೇ ನೋಡ್ತಾನೆ.